ಎರಡು ಎಕ್ಸ್, ಒಂದು ವೈ: ಎಷ್ಟು ಅಪರೂಪ?

ದ್ವಿತೀಯ ಪಿಯುಸಿ ಓದುವ ಎನ್‌ಸಿಇಆರ್‌ಟಿ ಜೀವಶಾಸ್ತ್ರ ಪಠ್ಯವು ಕ್ಲೈನ್‌ಫೆಲ್ಟರ್ ಸಿಂಡ್ರೋಮ್ ಅನ್ನು ಕೆಲವೇ ವಾಕ್ಯಗಳಲ್ಲಿ ಮುಗಿಸುತ್ತದೆ: ಗಂಡಸಿನಲ್ಲಿ ಒಂದು ಎಕ್ಸ್ ವರ್ಣತಂತು ಹೆಚ್ಚು, ಒಟ್ಟು 47; ಸ್ತನ ಬೆಳವಣಿಗೆ; ಸಂತಾನಹೀನತೆ. ಎಷ್ಟು ಜನರಲ್ಲಿ? ಉತ್ತರವಿಲ್ಲ. ವಿದ್ಯಾರ್ಥಿ ಇದನ್ನು ಲಕ್ಷಕ್ಕೊಬ್ಬರ ವಿಚಿತ್ರವೆಂದು ಭಾವಿಸಿದರೆ ತಪ್ಪು ಅವನದಲ್ಲ.

ವಿದೇಶಗಳಲ್ಲಿ ನಡೆದ ನವಜಾತ ಶಿಶುಗಳ ವರ್ಣತಂತು ಸಮೀಕ್ಷೆಗಳ ಪ್ರಕಾರ ಸುಮಾರು 660 ಗಂಡು ಶಿಶುಗಳಲ್ಲಿ ಒಂದಕ್ಕೆ ಈ ಸ್ಥಿತಿಯಿದೆ. ಇದೇ ಪ್ರಮಾಣ ನಮ್ಮಲ್ಲೂ ಇದೆಯೆಂದು ಇಟ್ಟುಕೊಳ್ಳೋಣ. 2011ರ ಜನಗಣತಿಯಂತೆ ದಾವಣಗೆರೆ ನಗರ ಮತ್ತು ಹರಿಹರದಲ್ಲಿ ಒಟ್ಟು ಸುಮಾರು 5 ಲಕ್ಷ 18 ಸಾವಿರ ಜನ. ಅರ್ಧದಷ್ಟು ಪುರುಷರೆಂದರೆ ಹತ್ತಿರಹತ್ತಿರ 390 ಮಂದಿ! ಪಠ್ಯದಲ್ಲಿ 47ರ ಪಕ್ಕದಲ್ಲಿ 660 ಕೂಡ ಇರಬೇಕಿತ್ತು.

ಇವರೆಲ್ಲ ಎಲ್ಲಿದ್ದಾರೆ? ನಮ್ಮ ನಡುವೆಯೇ, ಹೆಚ್ಚಿನವರು ತಮಗೇ ತಿಳಿಯದೆ. ಡೆನ್ಮಾರ್ಕ್‌ನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಂತೆ, ಇರಬೇಕಾದವರಲ್ಲಿ ಪತ್ತೆಯಾಗಿದ್ದವರು ಕಾಲು ಭಾಗ ಮಾತ್ರ. ಪಠ್ಯ ಹೇಳುವ ಸ್ತನ ಬೆಳವಣಿಗೆ ಎಲ್ಲರಲ್ಲೂ ಕಾಣದು. ಅನೇಕರು ತುಸು ಎತ್ತರದ ಸಾಮಾನ್ಯ ಹುಡುಗರಂತೆಯೇ ಇರುತ್ತಾರೆ. ಗೊತ್ತಾಗುವುದು ಹೆಚ್ಚಾಗಿ ಮದುವೆಯಾಗಿ ಮಕ್ಕಳಾಗದಿದ್ದಾಗ (ಅದೂ ಮೊದಲು ಸೊಸೆಯನ್ನು ದೂರಿ ಆದ ಮೇಲೆ!), ವೀರ್ಯ ಪರೀಕ್ಷೆಯ ನಂತರ ರಕ್ತದ ವರ್ಣತಂತು ಪರೀಕ್ಷೆಯಿಂದ. ಆಗಲೂ ಪಠ್ಯದ ತೀರ್ಪು ಅಂತಿಮವಲ್ಲ: ಸೂಕ್ಷ್ಮದರ್ಶಕದ ನೆರವಿನ ಶಸ್ತ್ರಚಿಕಿತ್ಸೆಯಿಂದ ಇಂಥ ಹಲವರ ವೃಷಣದಲ್ಲಿ ವೀರ್ಯಾಣು ದೊರೆತು, ಅವರು ತಂದೆಯಾಗಿದ್ದಾರೆ.