ಸಾಮಾನ್ಯವನ್ನು ಮೀರುವುದೆಂದರೇನು? : ಕೋಲಾರ ಸೀಮೆಯ ಮೂವರು ಲೇಖಕರಲ್ಲಿ ಜೀವನೋದ್ದೇಶದ ವಿಚಾರ

ಬಾಳಿಗೆ ಒಂದು ಉದ್ದೇಶವಿರಬೇಕು, ಹತ್ತರೊಡನೆ ಹನ್ನೊಂದಾಗಿ ಬದುಕಿ ಮುಗಿಸುವುದರಲ್ಲಿ ಸಾರ್ಥಕ್ಯವಿಲ್ಲ ಎಂಬ ಉಪದೇಶವನ್ನು ನಮ್ಮ ವಿದ್ಯಾರ್ಥಿಗಳು ವೇದಿಕೆಗಳಿಂದಲೂ ಪುಸ್ತಕಗಳಿಂದಲೂ ಪದೇ ಪದೇ ಕೇಳುತ್ತಿರುತ್ತಾರೆ. ಆ ಮಾತಿಗೆ ಕನ್ನಡದ ಪ್ರಮಾಣವೊಂದು ಬೇಕೆನಿಸಿದಾಗ ಡಿ. ವಿ. ಗುಂಡಪ್ಪನವರ 'ಮಂಕುತಿಮ್ಮನ ಕಗ್ಗ'ದಿಂದ ಒಂದೆರಡು ಪದ್ಯಗಳನ್ನು ಎತ್ತಿಕೊಳ್ಳುವುದು ವಾಡಿಕೆ. ಪದ್ಯಗಳು ಒಳ್ಳೆಯವೇ, ಎತ್ತಿಕೊಳ್ಳುವವರ ಆಶಯವೂ ಕೆಟ್ಟದ್ದಲ್ಲ. ಆದರೆ ಆ ಗ್ರಂಥದ ಅಭಿಪ್ರಾಯ ನಿಜವಾಗಿಯೂ ಇದೇ ಏನು? ಸಾಮಾನ್ಯರ ಗುಂಪಿನಿಂದ ಹೊರಬಂದು ಎತ್ತರದಲ್ಲಿ ನಿಲ್ಲುವುದನ್ನೇ ಅದು ಬಾಳಿನ ಗುರಿಯೆಂದು ಹೇಳುತ್ತದೆಯೇ? ಈ ಪ್ರಶ್ನೆಯನ್ನು ಕಗ್ಗವೊಂದರಿಂದ ಮಾತ್ರ ಬಿಡಿಸುವುದು ಕಷ್ಟ. ಡಿ.ವಿ.ಜಿ.ಯವರು ಹುಟ್ಟಿದ ಮುಳಬಾಗಿಲು, ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮಾಲೂರು, ಇವುಗಳ ನಡುವಣ ಕೋಲಾರ, ಉತ್ತರಕ್ಕಿರುವ ಶ್ರೀನಿವಾಸಪುರ, ಇಷ್ಟನ್ನೂ ಒಂದು ಸೀಮೆಯೆಂದು ಎಣಿಸಿ ಅಲ್ಲಿಯ ಮೂವರು ಲೇಖಕರನ್ನು ಒಟ್ಟಿಗೆ ಓದಿದರೆ ಉತ್ತರದ ಜಾಡು ದೊರೆಯುತ್ತದೆಂಬುದು ಈ ಲೇಖನದ ನಂಬಿಕೆ.

ಮೊದಲು ಶಬ್ದದ ವಿಚಾರ. 'ಸಾಮಾನ್ಯ' ಎಂಬ ಮಾತನ್ನು ನಾವು ಇಂದು 'ವಿಶೇಷವಿಲ್ಲದ್ದು', 'ಕೆಳದರ್ಜೆಯದು' ಎಂಬ ಅರ್ಥದಲ್ಲಿ ಬಳಸುತ್ತೇವೆ. ಅದರ ಮೂಲಾರ್ಥ ಬೇರೆ. ಸಮಾನವಾಗಿರುವುದು, ಹಲವರಿಗೆ ಒಂದೇ ಆಗಿ ಸಲ್ಲುವುದು ಸಾಮಾನ್ಯ. ನ್ಯಾಯವೈಶೇಷಿಕರು ಅನೇಕ ವ್ಯಕ್ತಿಗಳಲ್ಲಿ ಒಂದಾಗಿ ನಿಲ್ಲುವ ಧರ್ಮಕ್ಕೆ ಈ ಹೆಸರನ್ನು ಕೊಟ್ಟರು. ಹಸುಗಳೆಲ್ಲದರಲ್ಲಿಯೂ ಇರುವ ಗೋತ್ವವು ಅದಕ್ಕೆ ಪ್ರಸಿದ್ಧ ಉದಾಹರಣೆ. ಹೀಗೆ ಒಂದು ಅರ್ಥದಲ್ಲಿ ಸಾಮಾನ್ಯವು ಮೀರಬೇಕಾದದ್ದು, ಇನ್ನೊಂದು ಅರ್ಥದಲ್ಲಿ ಮುಟ್ಟಬೇಕಾದದ್ದು. ಈ ಎರಡರ ನಡುವಣ ಭೇದವನ್ನು ಮರೆತಾಗಲೇ ಜೀವನೋದ್ದೇಶದ ಚರ್ಚೆ ದಾರಿ ತಪ್ಪುವುದು.

ಕಾಲದಿಂದ ಮೊದಲಿಗರು ಶ್ರೀಪಾದರಾಜರು. ಹದಿನೈದನೆಯ ಶತಮಾನದಲ್ಲಿ ಮುಳಬಾಗಿಲಿನಲ್ಲಿ ಮಠಾಧಿಪತಿಗಳಾಗಿದ್ದು, ಅಲ್ಲಿಯ ನರಸಿಂಹತೀರ್ಥದಲ್ಲಿ ವೃಂದಾವನಸ್ಥರಾದವರು. ವ್ಯಾಸರಾಯರಿಗೆ ವಿದ್ಯಾಗುರುಗಳು. ಸಂಸ್ಕೃತದಲ್ಲಿ 'ವಾಗ್ವಜ್ರ'ದಂಥ ಪ್ರೌಢವಾದ ಶಾಸ್ತ್ರಗ್ರಂಥವನ್ನು ರಚಿಸಿದ ಈ ಪಂಡಿತರು ಅಷ್ಟಕ್ಕೇ ನಿಂತಿದ್ದರೂ ವಿದ್ವಲ್ಲೋಕದಲ್ಲಿ ಅವರ ಹೆಸರು ಉಳಿಯುತ್ತಿತ್ತು. ಅವರು ಅಷ್ಟಕ್ಕೆ ನಿಲ್ಲಲಿಲ್ಲ. 'ರಂಗವಿಠಲ' ಎಂಬ ಅಂಕಿತದಲ್ಲಿ ಕನ್ನಡ ಕೀರ್ತನೆಗಳನ್ನು ಹಾಡಿದರು; ಭ್ರಮರಗೀತ, ವೇಣುಗೀತ, ಗೋಪೀಗೀತಗಳನ್ನು ಕನ್ನಡಕ್ಕೆ ತಂದರು. ನರಹರಿತೀರ್ಥರ ಹೆಸರು ಇವರಿಗಿಂತ ಹಿಂದೆಯೇ ಕೇಳಿಬರುತ್ತದಾದರೂ, ದಾಸಸಾಹಿತ್ಯವು ಒಂದು ಪರಂಪರೆಯಾಗಿ ಹರಿಯತೊಡಗಿದ್ದು ಶ್ರೀಪಾದರಾಜರಿಂದ. ಅವರ ಶಿಷ್ಯರಾದ ವ್ಯಾಸರಾಯರ ಬಳಿಗೆ ಮುಂದೆ ಪುರಂದರದಾಸರೂ ಕನಕದಾಸರೂ ಬಂದರು. ಇಲ್ಲಿ ಗಮನಿಸಬೇಕಾದದ್ದು ಚಲನೆಯ ದಿಕ್ಕು. ಪಾಂಡಿತ್ಯದ ಎತ್ತರದಲ್ಲಿದ್ದವರು ಎಲ್ಲರ ಬಾಯಲ್ಲಿದ್ದ ಭಾಷೆಗೆ ಇಳಿದು ಬಂದರು. ಶ್ರೀಪಾದರಾಜರ ಅಸಾಮಾನ್ಯತೆಗೆ ಕನ್ನಡ ಕೊಡುವ ಪ್ರಮಾಣ ಆ ಇಳಿದು ಬಂದದ್ದೇ ಆಗಿದೆ.

ಅದೇ ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ.ಜಿ.ಯವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಪದವಿಯ ದಾರಿ ಮುಚ್ಚಿದ ಮೇಲೆ ಅವರು ಪತ್ರಿಕಾವೃತ್ತಿಯನ್ನು ಹಿಡಿದರು. 1913ರಲ್ಲಿ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದರು. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಅವರ ಗದ್ಯಲೇಖನದ ಬಹುಭಾಗಕ್ಕೆ ವಸ್ತು ರಾಜ್ಯಶಾಸ್ತ್ರ, ಪೌರಧರ್ಮ, ಸಂಸ್ಥಾನಗಳ ಆಡಳಿತ. 'ಸಾರ್ವಜನಿಕ' ಎಂಬುದು ಅವರಿಗೆ ಪ್ರಿಯವಾದ ಶಬ್ದ. 'ಸಾಮಾನ್ಯ'ದ ಮೂಲಾರ್ಥವನ್ನೇ ಇದು ಬೇರೊಂದು ಬಗೆಯಲ್ಲಿ ಹೇಳುತ್ತದೆಂಬುದನ್ನು ಓದುಗರು ಮನಗಾಣಬಹುದು.

'ಮಂಕುತಿಮ್ಮನ ಕಗ್ಗ' ಪ್ರಕಟವಾದದ್ದು 1943ರಲ್ಲಿ. ನಾಲ್ಕು ಸಾಲಿನ 945 ಪದ್ಯಗಳ ಈ ಕೃತಿಯ ಹೆಸರೇ ಒಂದು ವ್ಯಾಖ್ಯಾನ. ಮಂಕುತಿಮ್ಮನೆಂದರೆ ಚುರುಕಿಲ್ಲದ ತಿಮ್ಮ. ಕಗ್ಗವೆಂದರೆ ಹುರುಳು ಗೊತ್ತಾಗದ ಮಾತು. ಜ್ಞಾನಿಯ ಪೀಠದಿಂದ ಲೋಕಕ್ಕೆ ಬೋಧಿಸುವ ಅಧಿಕಾರವನ್ನು ಕವಿ ಮೊದಲೇ ಬಿಟ್ಟುಕೊಟ್ಟಿದ್ದಾನೆ. ಗ್ರಂಥದ ಆರಂಭದ ಪದ್ಯಗಳಲ್ಲಿ ಬೋಧೆಗಿಂತ ಪ್ರಶ್ನೆ ಹೆಚ್ಚು. ದೇವರು ಇರುವನೋ, ಜಗತ್ತಿಗೆ ಅರ್ಥವುಂಟೋ, ಬಾಳು ಬರಿಯ ಆಕಸ್ಮಿಕವೋ ಎಂಬ ಸಂಶಯಗಳು ಅಲ್ಲಿ ನಿಷ್ಠುರವಾಗಿ ಎದ್ದು ನಿಲ್ಲುತ್ತವೆ. ಗುರಿ ಮೊದಲೇ ಗೊತ್ತಿದ್ದು ಅದರ ಕಡೆಗೆ ಹುರಿದುಂಬಿಸುವ ಗ್ರಂಥ ಇದಲ್ಲ. ಗುರಿಯ ಬಗೆಗೆ ನಿಶ್ಚಯವಿಲ್ಲದಿದ್ದರೂ ದಿನದ ಕೆಲಸವನ್ನು ಹೇಗೆ ಮಾಡಬೇಕು ಎಂಬುದೇ ಇದರ ಸಮಸ್ಯೆ. ಬಿಡಿಪದ್ಯಗಳನ್ನು ಗೋಡೆಯ ಫಲಕಕ್ಕೂ ಕ್ಯಾಲೆಂಡರಿಗೂ ಎತ್ತಿಕೊಂಡಾಗ ಉತ್ತರ ಉಳಿದು ಪ್ರಶ್ನೆ ಕಳೆದುಹೋಗುತ್ತದೆ. ಪ್ರಶ್ನೆಯನ್ನು ಕಳೆದುಕೊಂಡ ಉತ್ತರಕ್ಕೆ ಗಾದೆಯ ಬೆಲೆ ಉಂಟು, ಕಾವ್ಯದ ಬೆಲೆ ಇಲ್ಲ. ಈ ದುರ್ಗತಿಗೆ ಓದುಗರಷ್ಟೇ ಕಾರಣರಲ್ಲ. ಅನೇಕ ಪದ್ಯಗಳಲ್ಲಿ ಅನುಭವಕ್ಕಿಂತ ಸೂತ್ರವೇ ಮುಂದಾಗಿ, ಛಂದಸ್ಸಿನ ಒತ್ತಡಕ್ಕೆ ಮಾತು ಬಿಗಿದುಕೊಂಡಿರುವುದನ್ನೂ ಒಪ್ಪಬೇಕು.

ಡಿ.ವಿ.ಜಿ.ಯವರ ನಿಲುವು ಇನ್ನೂ ಸ್ಪಷ್ಟವಾಗಿ ಕಾಣುವುದು ಬೇರೆ ಎರಡು ಕಡೆಗಳಲ್ಲಿ. 'ವನಸುಮ' ಎಂಬ ಪ್ರಾರ್ಥನಾಗೀತದಲ್ಲಿ ಕವಿ ಬೇಡುವುದು, ಯಾರ ಕಣ್ಣಿಗೂ ಬೀಳದೆ ಅರಳಿ ಪರಿಮಳವನ್ನು ಗಾಳಿಗೆ ಒಪ್ಪಿಸುವ ಕಾಡುಹೂವಿನ ಬಾಳನ್ನು. ಇಲ್ಲಿ ಉದ್ದೇಶವುಂಟು, ಸಾರ್ಥಕ್ಯವುಂಟು, ಖ್ಯಾತಿಯ ಹಂಬಲವಿಲ್ಲ. ಎರಡನೆಯದು 'ಜ್ಞಾಪಕ ಚಿತ್ರಶಾಲೆ'. ಅದರ ಸಂಪುಟಗಳಲ್ಲಿ ಮೈಸೂರಿನ ದಿವಾನರಿಗೆ ಒಂದು ಸಂಪುಟ ಮೀಸಲಾದಂತೆ 'ಹೃದಯಸಂಪನ್ನರು' ಎಂಬ ಹೆಸರಿನಲ್ಲಿ, ಚರಿತ್ರೆಯ ಪುಟಗಳಿಗೆ ಎಂದೂ ಬರದ ಜನರಿಗೂ ಒಂದು ಸಂಪುಟ ಮೀಸಲಾಗಿದೆ. ದಿವಾನರನ್ನು ಬಣ್ಣಿಸುವಾಗ ತೋರುವ ಗೌರವವನ್ನು ಲೇಖಕರು ಇವರ ವಿಷಯದಲ್ಲಿ ಒಂದು ತೂಕವೂ ಕಡಮೆ ಮಾಡುವುದಿಲ್ಲ. ಈ ಸಮದೃಷ್ಟಿ ಅವರ ನಡವಳಿಕೆಯಲ್ಲಿಯೂ ಇತ್ತು. 1970ರಲ್ಲಿ ಸನ್ಮಾನದ ಸಂದರ್ಭದಲ್ಲಿ ತಮಗೆ ಅರ್ಪಿಸಲಾದ ನಿಧಿಯನ್ನು ಅವರು ಗೋಖಲೆ ಸಂಸ್ಥೆಗೇ ಕೊಟ್ಟುಬಿಟ್ಟರು.

ಮಾಲೂರು ತಾಲ್ಲೂಕಿನ ಮಾಸ್ತಿಯವರು ಡಿ.ವಿ.ಜಿ.ಯವರಿಗಿಂತ ನಾಲ್ಕು ವರ್ಷ ಕಿರಿಯರು, ಹುಟ್ಟಿದ್ದು 1891ರಲ್ಲಿ. ಮನೆಮಾತು ತಮಿಳು, ಬರೆದದ್ದು ಕನ್ನಡ. ಬಾಹ್ಯಜೀವನದಲ್ಲಿ ಇವರಿಬ್ಬರೂ ತದ್ವಿರುದ್ಧರು. ಮಾಸ್ತಿಯವರು ಪರೀಕ್ಷೆಗಳಲ್ಲಿ ಜಯಶಾಲಿಗಳು. 1914ರಲ್ಲಿ ಮದರಾಸಿನಲ್ಲಿ ಎಂ.ಎ. ಮುಗಿಸಿ ಮೈಸೂರು ಸರ್ಕಾರದ ಸೇವೆಗೆ ಸೇರಿ ಉನ್ನತ ಹುದ್ದೆಗಳಿಗೆ ಏರಿದವರು. ತಮಗೆ ಸಲ್ಲಬೇಕಾಗಿದ್ದ ಸ್ಥಾನ ತಮಗಿಂತ ಕಿರಿಯರೊಬ್ಬರಿಗೆ ಸಂದಿತೆಂದು 1943ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ಕಗ್ಗ ಪ್ರಕಟವಾದದ್ದೂ ಆ ವರ್ಷವೇ ಎಂಬುದು ಕಾಕತಾಳೀಯ. ಅಲ್ಲಿಂದ ಮುಂದೆ 'ಜೀವನ' ಪತ್ರಿಕೆಯನ್ನು ಎರಡು ದಶಕಗಳ ಕಾಲ ನಡಸಿದರು. ಆ ಪತ್ರಿಕೆಯ ಹೆಸರೇ ಅವರ ಸಾಹಿತ್ಯಕ್ಕೆಲ್ಲ ಶಿರೋನಾಮೆಯಾಗಬಹುದು.

ಮಾಸ್ತಿಯವರ ಮೂರು ಕೃತಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ನಮ್ಮ ಪ್ರಶ್ನೆ ತಿಳಿಯಾಗುತ್ತದೆ. 1928ರಲ್ಲಿ ಬಂದ 'ಸುಬ್ಬಣ್ಣ'ದ ನಾಯಕ ಸಂಗೀತಕ್ಕಾಗಿ ತಂದೆಯ ಮನೆಯನ್ನು ತೊರೆದವನು. ಗುರಿಯನ್ನು ಕಂಡುಕೊಂಡು ವಾಡಿಕೆಯ ಬಾಳನ್ನು ಬಿಟ್ಟವನ ಕತೆಯೆಂದು ಇದನ್ನು ಓದುವುದು ಸುಲಭ. ಆದರೆ ಕತೆಯ ಭಾರ ಬಿದ್ದಿರುವುದು ಮನೆ ಬಿಟ್ಟದ್ದರ ಮೇಲಲ್ಲ. ಹೆಂಡತಿ ಮಕ್ಕಳನ್ನು ಕಳೆದುಕೊಂಡ ಮೇಲೆ ಆ ದುಃಖವನ್ನು ಅವನು ಹೇಗೆ ಸಹಿಸಿದ, ಅದರಿಂದ ಯಾವ ಶಾಂತಿಯನ್ನು ಪಡೆದ ಎಂಬುದರ ಮೇಲೆ. ಮನೆ ಬಿಡುವುದಕ್ಕೆ ಕೋಪ ಸಾಕಾಗಿತ್ತು. ದುಃಖವನ್ನು ಸಹಿಸುವುದಕ್ಕೆ ಮನುಷ್ಯತ್ವ ಬೇಕಾಯಿತು. ಹಾಗೆ ನೋಡಿದರೆ ಸುಬ್ಬಣ್ಣನನ್ನು ಎತ್ತರಕ್ಕೆ ಒಯ್ದದ್ದು ಎಲ್ಲರ ಮನೆಗೂ ಬರುವ ಸಾವೇ.

'ಮೊಸರಿನ ಮಂಗಮ್ಮ' ಇದಕ್ಕಿಂತ ಚಿಕ್ಕ ಕತೆ. ಪಾತ್ರವೂ ಚಿಕ್ಕದೆಂದು ತೋರುವಂಥದು. ಮೊಸರು ಮಾರುವ ಹೆಂಗಸು ಮೊಮ್ಮಗನ ವಿಷಯವಾಗಿ ಸೊಸೆಯೊಡನೆ ಜಗಳವಾಡಿ ಬೇರೆ ಇರುತ್ತಾಳೆ. ತನ್ನ ದುಡಿಮೆ ತನ್ನದೆಂಬ ಸ್ವಾತಂತ್ರ್ಯ ಬಂದಾಗ ಮಖಮಲ್ ರವಿಕೆಯನ್ನು ಹೊಲಿಸಿಕೊಳ್ಳುತ್ತಾಳೆ. ಬೇರೊಂದು ಬಾಳಿನ ಆಸೆಯೂ ಒಂದು ಕ್ಷಣ ಸುಳಿಯುತ್ತದೆ. ಕೊನೆಗೆ ಮೊಮ್ಮಗನ ಮೂಲಕ ಮನೆ ಒಂದಾಗುತ್ತದೆ. ಕತೆಗಾರರು ರವಿಕೆಯನ್ನು ಹಾಸ್ಯ ಮಾಡುವುದಿಲ್ಲ, ಆಸೆಯನ್ನು ಖಂಡಿಸುವುದಿಲ್ಲ. ತನಗಾಗಿ ಬದುಕುವ ಅವಕಾಶವನ್ನು ಕಂಡು, ತೂಗಿ ನೋಡಿ, ಹಿಂದಕ್ಕೆ ಬಂದವಳೆಂಬ ಗೌರವವನ್ನು ಅವಳಿಗೆ ಸಲ್ಲಿಸುತ್ತಾರೆ. ಆಯ್ದುಕೊಂಡ ಸಾಮಾನ್ಯ ಬಾಳಿಗೂ ತಾನಾಗಿ ಬಂದು ಬಿದ್ದ ಸಾಮಾನ್ಯ ಬಾಳಿಗೂ ವ್ಯತ್ಯಾಸವುಂಟೆಂದು ಈ ಕತೆ ತೋರಿಸುತ್ತದೆ.

ಇದಕ್ಕೆ ಎದುರಾಗಿ ನಿಲ್ಲುವುದು 1956ರ 'ಚಿಕವೀರರಾಜೇಂದ್ರ'. ಮಾಸ್ತಿಯವರಿಗೆ 1983ರ ಜ್ಞಾನಪೀಠ ಪ್ರಶಸ್ತಿಯನ್ನು ತಂದ ಈ ಕಾದಂಬರಿಯ ನಾಯಕ ಹುಟ್ಟಿನಿಂದಲೇ ಎಲ್ಲರಿಗಿಂತ ಮೇಲಿನವನು. ಗೃಹಸ್ಥನಿಗೆ, ಸೋದರನಿಗೆ, ನೆರೆಯವನಿಗೆ ಇರುವ ಕಟ್ಟುಗಳು ತನಗಿಲ್ಲವೆಂದು ಬಗೆದ ಆ ಅರಸು 1834ರಲ್ಲಿ ಕೊಡಗನ್ನು ಇಂಗ್ಲಿಷರಿಗೆ ಕಳೆದುಕೊಂಡ. ಮಂಗಮ್ಮ ಸಾಮಾನ್ಯ ಧರ್ಮವನ್ನು ಅರಿತು ಉಳಿದಳು. ಅರಸು ಅದನ್ನು ಮೀರಿದೆನೆಂದು ತಿಳಿದು ಕೆಟ್ಟ. ಒಬ್ಬರೇ ಲೇಖಕರು ಈ ಎರಡನ್ನೂ ಬರೆದರೆಂಬುದನ್ನು ಮರೆಯದಿದ್ದರೆ ಅವರ ತೀರ್ಮಾನ ಯಾವ ಕಡೆಗಿದೆಯೆಂಬುದರಲ್ಲಿ ಸಂದೇಹ ಉಳಿಯದು.

ಹೀಗೆ ಮೂವರಲ್ಲಿಯೂ ಒಂದೇ ದಿಕ್ಕು ಕಾಣುತ್ತದೆ. ಮೀರಬೇಕಾದದ್ದು ತನ್ನದು ಎಂಬ ಸಣ್ಣ ಆವರಣವನ್ನು. ಸೇರಬೇಕಾದದ್ದು ಎಲ್ಲರದು ಎಂಬ ಬಯಲನ್ನು. ಈ ಸೀಮೆಯ ಕೆರೆಗಳನ್ನು ಬಲ್ಲವರಿಗೆ ಈ ಭಾವ ಹೊಸದಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ವರ್ಷವೆಲ್ಲ ಹರಿಯುವ ಹೊಳೆಯಿಲ್ಲ. ಬಿದ್ದ ಮಳೆಯನ್ನು ಕಟ್ಟೆಹಾಕಿ ನಿಲ್ಲಿಸಿದರೆ ಬೆಳೆ, ಇಲ್ಲದಿದ್ದರೆ ಬರ. ಒಂದು ಕೆರೆ ತುಂಬಿ ಕೋಡಿ ಬಿದ್ದ ನೀರು ಕೆಳಗಿನ ಊರಿನ ಕೆರೆಗೆ ಹೋಗಬೇಕು. ಕೆರೆ ಕಟ್ಟಿಸಿದವನ ಹೆಸರು ಶಾಸನದಲ್ಲಿ ಉಳಿಯಲಿ ಅಳಿಯಲಿ, ನೀರು ಸಾಮಾನ್ಯವಾಗಿ ಉಳಿಯುತ್ತದೆ.

ಉಳಿಯುತ್ತದೆಯೇ? ಇಲ್ಲಿಯೇ ಈ ವಿಚಾರಕ್ಕೆ ಒಂದು ಗಂಭೀರವಾದ ಆಕ್ಷೇಪ ಏಳುತ್ತದೆ. ಊರಿನ ಕೆರೆಬಾವಿಗಳು ಊರಿನ ಎಲ್ಲರಿಗೂ ಸಾಮಾನ್ಯವಾಗಿರಲಿಲ್ಲ. 1927ರ ಮಾರ್ಚಿಯಲ್ಲಿ ಡಾ. ಅಂಬೇಡ್ಕರರು ಮಹಾಡಿನ ಚವದಾರ ಕೆರೆಯ ನೀರನ್ನು ಸಾವಿರಾರು ಜನರೊಡನೆ ಮುಟ್ಟಿದ್ದು ಈ ಕಾರಣಕ್ಕಾಗಿಯೇ. ಮಾಸ್ತಿಯವರು ಬಿಡುವುದಕ್ಕೆ ಒಂದು ಹುದ್ದೆಯಿತ್ತು. ಮಂಗಮ್ಮನಿಗೆ ಹಿಂದಿರುಗುವುದಕ್ಕೆ ಒಂದು ಮನೆಯಿತ್ತು. ಆಯ್ಕೆಯೇ ಇಲ್ಲದವನಿಗೆ, ಹುಟ್ಟಿನಿಂದ ಹೇರಿದ ಕೆಲಸವನ್ನು ಮಾಡುವವನಿಗೆ 'ಇದ್ದಲ್ಲಿಯೇ ಅರಳು' ಎಂಬ ಮಾತು ಬೋಧೆಯಾಗದೆ ಬಂಧನವಾದೀತು. ಡಿ.ವಿ.ಜಿ., ಮಾಸ್ತಿ ಇಬ್ಬರೂ ಕೇಡನ್ನು ಕಂಡು ಮರುಗಿದವರು. ಆದರೆ ಆ ವ್ಯವಸ್ಥೆಯನ್ನು ಯಾರು ಕಟ್ಟಿದರು, ಯಾರ ಹೆಗಲ ಮೇಲೆ ನಿಂತಿದೆ ಎಂಬ ಪ್ರಶ್ನೆಯನ್ನು ತಮ್ಮ ಸಾಹಿತ್ಯದ ನಡುಮನೆಗೆ ತಂದವರಲ್ಲ. ಇದು ಅವರ ಮಿತಿ.

ಆ ಪ್ರಶ್ನೆಯನ್ನು ತಂದವರು ಅದೇ ನೆಲದಿಂದ ಎದ್ದರು. 1970ರ ದಶಕದಲ್ಲಿ ಬೆಳೆದ ದಲಿತ ಚಳವಳಿಗೆ ಕೋಲಾರ ಜಿಲ್ಲೆ ಒಂದು ಮುಖ್ಯವಾದ ನೆಲೆಯಾಯಿತು. ಅದರ ಹೋರಾಟದ ಹಾಡುಗಳಲ್ಲಿ ಬೆಳೆದ ಕೋಟಿಗಾನಹಳ್ಳಿ ರಾಮಯ್ಯನವರು ಮುಂದೆ ಕೋಲಾರದ ಬಳಿಯ ತೇರಹಳ್ಳಿ ಬೆಟ್ಟದ ಮೇಲೆ 'ಆದಿಮ'ವನ್ನು ಕಟ್ಟಿದರು. ಇವರ ದಾರಿ ಹಿಂದಿನವರ ದಾರಿಗೆ ವಿರುದ್ಧವೆಂದು ತೋರಬಹುದು. ಸೂಕ್ಷ್ಮವಾಗಿ ನೋಡಿದರೆ, ಇವರೂ ಕೇಳಿದ್ದು ಒಬ್ಬೊಬ್ಬರು ತಪ್ಪಿಸಿಕೊಂಡು ಮೇಲೇರುವ ಏಣಿಯನ್ನಲ್ಲ. ಸಾಮಾನ್ಯವೆಂದು ಹೆಸರು ಹೊತ್ತದ್ದು ನಿಜವಾಗಿ ಸಾಮಾನ್ಯವಾಗಬೇಕೆಂದು ಇವರು ಕೇಳಿದರು. ಹಿಂದಿನವರು ಹೇಳಿದ ಮಾತಿನ ಸಾಲವನ್ನು ಇವರು ವಸೂಲಿಗೆ ತಂದರೆಂದರೆ ತಪ್ಪಾಗದು.

ಆದುದರಿಂದ ಕಗ್ಗವನ್ನು ತರಗತಿಯಲ್ಲಿ ಪಾಠ ಹೇಳುವವರು ಅದನ್ನು ಯಶಸ್ಸಿನ ಕೈಪಿಡಿಯಾಗಿಯೂ ಹೇಳಬಾರದು, ಸಹನೆಯ ಮಂತ್ರವಾಗಿಯೂ ಹೇಳಬಾರದು. ಪರೀಕ್ಷೆಯಲ್ಲಿ ತೇರ್ಗಡೆಯಾಗದ ಮುಳಬಾಗಿಲಿನ ಹುಡುಗನೊಬ್ಬನೂ, ಪರೀಕ್ಷೆಗಳನ್ನೆಲ್ಲ ಗೆದ್ದ ಮಾಲೂರು ಸೀಮೆಯ ಹುಡುಗನೊಬ್ಬನೂ ಕಡೆಗೆ ಒಂದೇ ಕೆಲಸದಲ್ಲಿ ಸೇರಿದರು. 1929ರಲ್ಲಿ ಬೆಳಗಾವಿಯಲ್ಲಿ ಮಾಸ್ತಿಯವರೂ 1932ರಲ್ಲಿ ಮಡಿಕೇರಿಯಲ್ಲಿ ಡಿ.ವಿ.ಜಿ.ಯವರೂ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದಾಗ, ಇವರಲ್ಲಿ ತೇರ್ಗಡೆಯಾದವರು ಯಾರೆಂದು ಕನ್ನಡಿಗರು ಕೇಳಲಿಲ್ಲ. ತನ್ನ ಉದ್ದೇಶವೇನೆಂದು ಕೇಳುತ್ತ ಬರುವ ವಿದ್ಯಾರ್ಥಿಗೆ ಈ ಸಾಹಿತ್ಯ ಸಿದ್ಧವಾದ ಉತ್ತರವನ್ನು ಕೊಡುವುದಿಲ್ಲ. 'ನಿನ್ನಿಂದ ಎಲ್ಲರದಾಗಬೇಕಾದದ್ದು ಏನಿದೆ?' ಎಂದು ಅವನನ್ನೇ ಮರಳಿ ಕೇಳುತ್ತದೆ. ಆ ಪ್ರಶ್ನೆಯನ್ನು ಅವನು ಮನೆಗೆ ಕೊಂಡೊಯ್ದರೆ ಅಧ್ಯಾಪಕರ ಕೆಲಸ ಸಫಲವಾಯಿತೆನ್ನಬಹುದು.