ಕಾಣದ ಚಿರತೆ

ಭಯಾನಕರಸವು ಚಲಚ್ಚಿತ್ರಕ್ಕೆ ಸುಲಭಸಾಧ್ಯವೆಂಬ ನಂಬಿಕೆ ಹಲವರಲ್ಲುಂಟು. ವಿಕಾರವಾದ ಒಂದು ಮುಖ, ಒಂದು ಚೀತ್ಕಾರ, ಇಷ್ಟಿದ್ದರೆ ಸಾಕೆಂದು ಬಗೆದು ತೆಗೆದ ಚಿತ್ರಗಳಿಗೆ ಲೆಕ್ಕವಿಲ್ಲ. ಅವು ಪ್ರೇಕ್ಷಕನನ್ನು ಬೆಚ್ಚಿಬೀಳಿಸುವುವೇ ಹೊರತು ಅವನಲ್ಲಿ ಭಯವನ್ನು ನೆಲೆಗೊಳಿಸಲಾರವು. ಈ ಅಂತರವನ್ನು ಬಲ್ಲವರ ಕೃತಿ, 1942ರಲ್ಲಿ ಅಮೆರಿಕೆಯ ಆರ್‌ಕೆಓ ಸಂಸ್ಥೆಯಿಂದ ಹೊರಬಂದ ‘ಕ್ಯಾಟ್ ಪೀಪಲ್’. ನಿರ್ಮಾಪಕನಾದ ವ್ಯಾಲ್ ಲ್ಯೂಟನ್ನನಿಗೂ ನಿರ್ದೇಶಕನಾದ ಜಾಕ್ ಟೂರ್ನರನಿಗೂ ಸಂಸ್ಥೆಯಿಂದ ದೊರೆತುದು ಒಂದು ಅಗ್ಗದ ಹೆಸರು ಮತ್ತು ಅಲ್ಪಧನ. ಆ ಬಡತನವೇ ಅವರಿಗೆ ವರವಾಯಿತು.

ಸರ್ಬಿಯದಿಂದ ಬಂದು ನ್ಯೂಯಾರ್ಕಿನಲ್ಲಿ ಒಂಟಿಯಾಗಿರುವ ಐರೀನಾ ಎಂಬ ಚಿತ್ರಕಾರ್ತಿಯು ಆಲಿವರನೆಂಬ ನೌಕಾವಿನ್ಯಾಸಕನನ್ನು ವರಿಸುತ್ತಾಳೆ. ಪ್ರಣಯವು ಉದ್ರೇಕಗೊಂಡರೆ ತಾನು ಚಿರತೆಯಾಗಿ ಪ್ರಿಯನನ್ನೇ ಕೊಂದೇನೆಂಬ ಭೀತಿ ಅವಳದು. ಆದುದರಿಂದ ಗಂಡನನ್ನು ದೂರವೇ ಇರಿಸುತ್ತಾಳೆ. ಇದು ಮನೋವ್ಯಾಧಿಯೋ, ಹಿರಿಯರಿಂದ ಬಂದ ಶಾಪವೋ? ಚಿತ್ರದ ಪ್ರಾಣವಿರುವುದು ಈ ಸಂದೇಹದಲ್ಲಿ.

ಒಂದು ಸನ್ನಿವೇಶವನ್ನು ನೋಡಬಹುದು. ಆಲಿವರನ ಸಹೋದ್ಯೋಗಿ ಆಲಿಸ್ ರಾತ್ರಿಯಲ್ಲಿ ಉದ್ಯಾನದ ಗೋಡೆಯ ಮಗ್ಗುಲಲ್ಲಿ ನಡೆದು ಹೋಗುತ್ತಿರುವಳು. ಒಂದು ದೀಪದ ಬೆಳಕಿನಿಂದ ಮತ್ತೊಂದರ ಬೆಳಕಿಗೆ, ನಡುವೆ ಕತ್ತಲೆ. ಹಿಂದೆ ಐರೀನಾಳ ಪಾದರಕ್ಷೆಯ ಸಪ್ಪಳ. ಫಕ್ಕನೆ ಅದು ನಿಂತುಹೋಗುತ್ತದೆ. ಆಲಿಸ್ ತಿರುಗಿ ನೋಡಿದರೆ ಯಾರೂ ಇಲ್ಲ. ಆ ನಿಶ್ಶಬ್ದವನ್ನು ಸೀಳಿಕೊಂಡು ಬುಸ್ಸೆಂದು ಎದುರಿಗೆ ಬಂದು ನಿಲ್ಲುವುದು ಚಿರತೆಯಲ್ಲ, ಊರಿನ ಬಸ್ಸು! ಈಜುಕೊಳದ ದೃಶ್ಯ ಇದಕ್ಕೂ ಮಿಗಿಲು. ನೀರಿನ ಬೆಳಕು ಗೋಡೆಯ ಮೇಲೆಯೂ ಮಾಳಿಗೆಯ ಮೇಲೆಯೂ ಕುಣಿಯುತ್ತಿರುವಾಗ ಎಲ್ಲಿಂದಲೋ ಒಂದು ಗುರುಗುಟ್ಟುವಿಕೆ. ಛಾಯಾಗ್ರಾಹಕ ನಿಕೊಲಾಸ್ ಮುಸುರಾಕನ ಕೈಯಲ್ಲಿ ನೆರಳೇ ಪಾತ್ರವಾಗಿದೆ. ನಮ್ಮ ಆಲಂಕಾರಿಕರು ಧ್ವನಿಯೆಂದು ಕರೆದ ಗುಣಕ್ಕೆ ಬೆಳ್ಳಿತೆರೆಯಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಇಂತಹ ಸಂಯಮವು ಕಡೆಯವರೆಗೆ ನಿಲ್ಲಲಿಲ್ಲವೆಂಬುದೇ ವ್ಯಸನ. ಆಲಿವರನ ಕಚೇರಿಯ ದೃಶ್ಯದಲ್ಲಿ ಮೇಜುಗಳ ನಡುವೆ ನಿಜವಾದ ಕರಿಚಿರತೆಯೇ ಕಾಣಿಸಿಕೊಳ್ಳುತ್ತದೆ. ಸಂಸ್ಥೆಯವರ ಒತ್ತಾಯದಿಂದ ಅದು ಸೇರಿತೆಂದು ಹೇಳುವುದುಂಟು. ಯಾರಿಂದಲೇ ಬಂದಿರಲಿ, ಸಂದೇಹವು ಅಲ್ಲಿಗೆ ಮುಗಿಯಿತು. ಕಂಡ ಮೃಗಕ್ಕೆ ಕಾಣದ ಮೃಗದ ಬಲವಿಲ್ಲ. 1982ರಲ್ಲಿ ಪಾಲ್ ಶ್ರೇಡರನು ಇದೇ ಹೆಸರಿನಿಂದ ತೆಗೆದ ಚಿತ್ರದಲ್ಲಿ ರೂಪಾಂತರವೆಲ್ಲ ಕಣ್ಣೆದುರಿಗೇ ನಡೆದುಹೋಗುವುದರಿಂದ ಈ ನಷ್ಟವು ಇನ್ನೂ ಸ್ಪಷ್ಟವಾಗುತ್ತದೆ.

ಇದಕ್ಕಿಂತ ದೊಡ್ಡ ಲೋಪ ಆಲಿವರನ ಪಾತ್ರದಲ್ಲಿದೆ. ಕೆಂಟ್ ಸ್ಮಿತ್ತನ ಅಭಿನಯ ಮರದಂತಿದೆಯೆಂಬುದು ಹೋಗಲಿ. ಹೆಂಡತಿಯ ಸಂಕಟವನ್ನು ಪರಸ್ತ್ರೀಯ ಬಳಿ ಬಿಚ್ಚಿಡುವ ಈ ಗಂಡನನ್ನು ಕಥೆಯು ಸಜ್ಜನನೆಂದೇ ನಂಬಿದೆ. ಗುಣಪಡಿಸಬೇಕಾದ ಮನೋವೈದ್ಯನು ಐರೀನಾಳನ್ನು ಬಯಸುತ್ತಾನೆ. ಅವನ ಅಪರಾಧಕ್ಕೆ ದಂಡನೆಯಾದರೂ ಆಗುತ್ತದೆ. ಆಲಿವರನಿಗೆ ಸಿಕ್ಕುವುದು ಆಲಿಸಳ ಕೈ. ತಾನು ಪ್ರೀತಿಸುವವನಿಗೆ ಕೇಡಾಗದಿರಲೆಂದು ತನ್ನನ್ನೇ ಬಂಧಿಸಿಕೊಂಡ ಹೆಣ್ಣಿನ ದುಃಖವನ್ನು ಸಿಮೊನ್ ಸಿಮೋಳ ಕಣ್ಣುಗಳು ಬಲ್ಲವು. ಚಿತ್ರಕಥೆಗೆ ಅದು ಅರ್ಧವೇ ಗೊತ್ತು. ಅವಳು ತಮಗೆಂದೂ ಸುಳ್ಳಾಡಿರಲಿಲ್ಲವೆಂದು ಆಲಿವರನು ಒಪ್ಪಿಕೊಳ್ಳುವುದು, ಮೃಗಾಲಯದ ಪಂಜರದ ಮುಂದೆ ಅವಳು ಸತ್ತು ಬಿದ್ದಿರುವಾಗ.