ಒಡೆಯನೂ ಆಳೂ: ಟಾಲ್‌ಸ್ಟಾಯ್ ಮಹಾಶಯನ ಒಂದು ಕಥೆಯಲ್ಲಿ ಧನದ ಲೆಕ್ಕ

ಐಶ್ವರ್ಯವನ್ನು ಕುರಿತು ಕ್ರೈಸ್ತಧರ್ಮವು ಮಾಡಿರುವ ಉಪದೇಶದ ಸಾರವೆಲ್ಲವೂ ಒಂದು ಪದದಲ್ಲಿ ಅಡಗಿರುವುದು. ಕನ್ನಡ ಬೈಬಲಿನಲ್ಲಿ ಆ ಪದವು ‘ಮನೆವಾರ್ತೆಯವನು’ ಎಂದಿದೆ. ಒಡೆಯನ ಕಣಜವೂ ಪೆಟ್ಟಿಗೆಯೂ ಬೀಗದ ಕೈಗಳೂ ಅವನ ವಶದಲ್ಲಿರುವುವು. ಆಳುಗಳು ಅವನ ಮಾತಿನಂತೆ ನಡೆಯುವರು. ಹೊರಗಿನಿಂದ ನೋಡುವವರಿಗೆ ಅವನೇ ಯಜಮಾನನಂತೆ ತೋರುವನು. ಆದರೆ ಆ ಸೊತ್ತಿನಲ್ಲಿ ಒಂದು ಕಾಸಾದರೂ ಅವನದಲ್ಲ. ಒಂದು ದಿನ ಒಡೆಯನು ಅವನನ್ನು ಕರೆದು ಲೆಕ್ಕವನ್ನು ಒಪ್ಪಿಸೆನ್ನುವನು. ಲೂಕನ ಸುವಾರ್ತೆಯ 16ನೆಯ ಅಧ್ಯಾಯದ ಸಾಮ್ಯವು ಹೀಗೆ ಮೊದಲಾಗುವುದು. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಬರುವ ತಲಾಂತುಗಳ ಕಥೆಗೂ ಇದೇ ತಳಹದಿ. ಧನವು ತನ್ನದಲ್ಲ, ವಶಕ್ಕೆ ಕೊಟ್ಟದ್ದು, ಆಯುಸ್ಸು ಲೆಕ್ಕವನ್ನು ಸಿದ್ಧಮಾಡಿಕೊಳ್ಳುವ ಅವಧಿ, ಮರಣವು ಕರೆ. ಇಷ್ಟೇ ಅದರ ತಾತ್ಪರ್ಯ.

ಈ ತತ್ತ್ವವನ್ನು ಬೋಧಿಸುವುದು ಸುಲಭ. ಕಾವ್ಯವಸ್ತುವನ್ನಾಗಿ ಮಾಡುವುದು ಕಷ್ಟ. ಮನುಷ್ಯನು ಸಾಯುವನೆಂಬುದೂ ಸತ್ತಾಗ ಗಂಟು ಹಿಂದೆ ಬಾರದೆಂಬುದೂ ಕೇಳುವವರಿಗೆಲ್ಲ ಮೊದಲೇ ತಿಳಿದ ಮಾತು. ತಿಳಿದುದನ್ನೇ ಮತ್ತೆ ಹೇಳಿದರೆ ತಲೆ ತೂಗುವರು; ಮನೆಗೆ ಹೋಗಿ ಪೆಟ್ಟಿಗೆಯ ಬೀಗವನ್ನು ಒಮ್ಮೆ ಎಳೆದು ನೋಡುವರು. ರಷ್ಯಾದೇಶದ ಲಿಯೋ ಟಾಲ್‌ಸ್ಟಾಯ್ ಮಹಾಶಯನು ಈ ಕಷ್ಟವನ್ನು ಎರಡು ಸಲ ಎದುರಿಸಿದನು: 1886ರಲ್ಲಿ ಪ್ರಕಟವಾದ ‘ಒಬ್ಬ ಮನುಷ್ಯನಿಗೆ ಎಷ್ಟು ಭೂಮಿ ಬೇಕು’ ಎಂಬ ಕಥೆಯಲ್ಲಿ ಒಮ್ಮೆ, 1895ರಲ್ಲಿ ಪ್ರಕಟವಾದ ‘ಒಡೆಯನೂ ಆಳೂ’ ಎಂಬ ಕಥೆಯಲ್ಲಿ ಮತ್ತೊಮ್ಮೆ. ಮೊದಲನೆಯದು ಲೋಕಪ್ರಸಿದ್ಧವಾಯಿತು. ಎರಡನೆಯದನ್ನು ಓದಿದವರು ಅದಕ್ಕಿಂತ ಕಡಮೆ. ಆದರೂ ಅದೇ ಮೇಲೆಂಬುದು ವಿಚಾರಮಾಡಿದರೆ ಸ್ಪಷ್ಟವಾಗುವುದು.

ಮೊದಲನೆಯ ಕಥೆಯ ಪಾಹೋಮನು ರೈತ. ಬಷ್ಕೀರರ ಸೀಮೆಯಲ್ಲಿ ಸಾವಿರ ರೂಬಲು ತೆತ್ತವನಿಗೆ, ಸೂರ್ಯೋದಯದಲ್ಲಿ ಹೊರಟು ಸೂರ್ಯಾಸ್ತದೊಳಗಾಗಿ ಹೊರಟ ಸ್ಥಳಕ್ಕೆ ಮರಳಿದರೆ, ಸುತ್ತಿದಷ್ಟು ಭೂಮಿಯೂ ಸಲ್ಲುವುದು. ಅವನು ಆಸೆಪಟ್ಟು ಬಹುದೂರ ನಡೆದು, ಓಡೋಡಿ ಬಂದು, ಗುರುತಿನ ಬಳಿಯಲ್ಲಿಯೇ ಬಿದ್ದು ಪ್ರಾಣಬಿಡುವನು. ಕೊನೆಗೆ ಅವನಿಗೆ ಬೇಕಾದ ಭೂಮಿ ಗುಣಿಯಷ್ಟೇ ಆಯಿತು. ಕಥೆಯ ಕಟ್ಟು ನಿರ್ದೋಷವಾದುದು. ಆದರೆ ಅದರ ಕುಣಿಕೆಯನ್ನು ಮೊದಲೇ ಹೆಣೆದಿರುವುದು ಕಣ್ಣಿಗೆ ಕಾಣುವುದು. ಇದಕ್ಕಿಂತ ಮುಖ್ಯವಾದ ಕೊರತೆ ಇನ್ನೊಂದುಂಟು. ಆ ಕಡೆಯ ದಿನ ಪಾಹೋಮನು ಒಬ್ಬನೇ ನಡೆಯುವನು. ಅವನ ಹೆಜ್ಜೆಯ ಪಕ್ಕದಲ್ಲಿ ಮತ್ತೊಬ್ಬನಿಲ್ಲ. ಲೂಕನ 12ನೆಯ ಅಧ್ಯಾಯದಲ್ಲಿ ಬರುವ ಧನಿಕ ಕೃಷಿಕನೂ ಇಂಥವನೇ: ಕಣಜಗಳನ್ನು ಕೆಡವಿ ದೊಡ್ಡದಾಗಿ ಕಟ್ಟಿಸುವೆನೆಂದು ಅವನು ಆಡುವ ಮಾತೆಲ್ಲವೂ ತನಗೆ ತಾನೇ ಹೇಳಿಕೊಂಡದ್ದು. ಇಂತಹ ಏಕಾಂಗಿಗಳ ಕಥೆಯು ಧನವು ನಿಷ್ಪ್ರಯೋಜಕವೆಂಬುದನ್ನು ತೋರಿಸಬಲ್ಲದು. ಧನದ ಪ್ರಯೋಜನವಾವುದು, ಅದನ್ನು ಯಾರಿಗಾಗಿ ವಶಕ್ಕೆ ಕೊಟ್ಟಿದೆ ಎಂಬುದನ್ನು ತೋರಿಸಲಾರದು. ವಾಚಕನು ಪಾಹೋಮನಲ್ಲಿ ನೆರೆಮನೆಯವನನ್ನು ಕಂಡು ಸಂತೋಷಪಡುವನೇ ಹೊರತು ತನ್ನನ್ನು ಕಾಣನು.

ಎರಡನೆಯ ಕಥೆಯಲ್ಲಿ ಟಾಲ್‌ಸ್ಟಾಯ್ ಮಹಾಶಯನು ಮಾಡಿದ ದೊಡ್ಡ ಕೆಲಸವೆಂದರೆ ಹಿಮಬಂಡಿಯಲ್ಲಿ ಎರಡನೆಯ ಮನುಷ್ಯನೊಬ್ಬನನ್ನು ಕೂರಿಸಿದುದು. ವಾಸಿಲಿ ಬ್ರೆಖುನೋವನು ಹಳ್ಳಿಯ ವರ್ತಕ, ಇಗರ್ಜಿಯ ಮೊಕ್ತೇಸರ. ಚಳಿಗಾಲದಲ್ಲಿ ಸಂತ ನಿಕೋಲಾಸನ ಹಬ್ಬದ ಮರುದಿನ, ಪಟ್ಟಣದ ವರ್ತಕರು ಬಂದು ತಪ್ಪಿಸಿಬಿಡುವರೆಂಬ ಭಯದಿಂದ, ನೆರೆಯ ಜಮೀನುದಾರನ ತೋಪೊಂದನ್ನು ಕೊಳ್ಳಲು ಆತುರಪಟ್ಟು ಹೊರಡುವನು. ಕೇಳುವ ಬೆಲೆ ಹತ್ತು ಸಾವಿರ ರೂಬಲು. ಇವನು ಕೊಡುವೆನೆನ್ನುವುದು ಏಳು ಸಾವಿರ. ಅದು ನಿಜವಾದ ಬೆಲೆಯ ಮೂರನೆಯ ಒಂದು ಪಾಲು ಮಾತ್ರ. ಹೆಂಡತಿಯ ಒತ್ತಾಯಕ್ಕಾಗಿ ನಿಕಿತನೆಂಬ ಐವತ್ತು ವರ್ಷದ ಆಳನ್ನು ಜೊತೆಗೆ ಕರೆದುಕೊಳ್ಳುವನು. ನಿಕಿತನಂತಹ ಆಳಿಗೆ ವರ್ಷಕ್ಕೆ ಎಂಬತ್ತು ರೂಬಲು ಸಲ್ಲಬೇಕು. ಬ್ರೆಖುನೋವನು ಕೊಡುವುದು ಸುಮಾರು ನಲವತ್ತು. ಅದನ್ನೂ ಚಿಲ್ಲರೆ ಚಿಲ್ಲರೆಯಾಗಿ, ಬಹುಭಾಗ ತನ್ನ ಅಂಗಡಿಯ ಸಾಮಾನಾಗಿ, ಹೆಚ್ಚಿನ ಬೆಲೆ ಹಚ್ಚಿ ಕೊಡುವನು. ಹಬ್ಬಕ್ಕೆ ಮುಂಚೆ ನಿಕಿತನ ಹೆಂಡತಿ ಬಂದು ಸ್ವಲ್ಪ ಸಾಮಾನನ್ನೂ ಐದು ರೂಬಲನ್ನೂ ಪಡೆದು, ದೊಡ್ಡ ಉಪಕಾರವಾಯಿತೆಂಬಂತೆ ವಂದಿಸಿ ಹೋಗುವಳು. ಆಗ ಅವರಿಗೆ ಸಲ್ಲಬೇಕಾದ ಬಾಕಿ ಇಪ್ಪತ್ತು ರೂಬಲಿಗೂ ಕಡಮೆಯಲ್ಲ. ಏಳು ರೂಬಲಿನ ಬಡಕಲು ಕುದುರೆಯೊಂದನ್ನು ಇಪ್ಪತ್ತೈದಕ್ಕೆ ನಿಕಿತನ ತಲೆಗೆ ಕಟ್ಟುವ ಹವಣಿಕೆಯೂ ಒಡೆಯನಿಗುಂಟು. ಇಷ್ಟಾದರೂ ತಾನು ಪ್ರಾಮಾಣಿಕನು, ಆಳಿಗೆ ಉಪಕಾರಿಯು ಎಂದೇ ಬ್ರೆಖುನೋವನು ನಂಬಿರುವನು. ಕಥೆಗಾರನು ಇದನ್ನು ಬೈದು ಹೇಳಲಿಲ್ಲ. ಲೆಕ್ಕವನ್ನು ಮಾತ್ರ ಬರೆದಿಟ್ಟಿರುವನು. ಬೈಗುಳಿಗಿಂತ ಲೆಕ್ಕವೇ ಹೆಚ್ಚು ಚುಚ್ಚುವುದು.

ಆ ಲೆಕ್ಕದಲ್ಲಿ ಇನ್ನೊಂದು ಬಾಬು ಬಹು ಗಂಭೀರವಾದುದು. ಬ್ರೆಖುನೋವನು ಜೇಬಿನಲ್ಲಿಟ್ಟುಕೊಂಡ ಮೂರು ಸಾವಿರ ರೂಬಲಿನಲ್ಲಿ ಸ್ವಂತದ್ದು ಏಳುನೂರು ಮಾತ್ರ. ಉಳಿದ ಎರಡು ಸಾವಿರದ ಮುನ್ನೂರು ಅವನ ವಶದಲ್ಲಿದ್ದ ಇಗರ್ಜಿಯ ಹಣ. ಕಥೆಯ ಮೊದಲಿನಲ್ಲಿಯೇ ಒಂದು ವಾಕ್ಯದೊಳಗೆ ಸರಿದುಹೋಗುವ ಈ ಸಂಗತಿಯನ್ನು ಅನೇಕರು ಲಕ್ಷಿಸದೆ ಹೋಗಬಹುದು. ಆದರೆ ಸುವಾರ್ತೆಯ ಮನೆವಾರ್ತೆಯವನು ಇಲ್ಲಿ ಉಪಮೆಯಾಗಿ ಉಳಿಯದೆ ಅಕ್ಷರಶಃ ಬಂದು ನಿಂತಿರುವನು. ದೇವರ ಹಣವನ್ನು ಕಾಯಬೇಕಾದವನು ಅದನ್ನು ಸ್ವಂತ ವ್ಯಾಪಾರಕ್ಕೆ ಹೂಡಲು ಬಿರುಗಾಳಿಯಲ್ಲಿ ಹೊರಟಿರುವನು. ಇದೇ ಬಗೆಯ ಇನ್ನೊಂದು ಸೂಚನೆಯೂ ಉಂಟು. ಮೊಕ್ತೇಸರನಾಗಿ ಅವನು ಭಕ್ತರಿಗೆ ಮೇಣದ ಬತ್ತಿಗಳನ್ನು ಮಾರುವನು. ಸಂತನ ಪಟದ ಮುಂದೆ ತುದಿಯಷ್ಟೇ ಉರಿದ ಆ ಬತ್ತಿಗಳು ಕೂಡಲೆ ಅವನ ಬಳಿಗೆ ಮರಳಿ ಪೆಟ್ಟಿಗೆ ಸೇರುವುವು. ಪರಲೋಕದ ಸಿದ್ಧತೆಯೆಂಬುದು ಅವನಿಗೆ ತಿಳಿದಿದ್ದುದು ಇಷ್ಟು: ಬತ್ತಿ, ಪಟ, ಹರಕೆ, ದೊಡ್ಡ ದೊಡ್ಡ ಹಬ್ಬಗಳು.

ದಾರಿ ತಪ್ಪುವುದು, ಎರಡು ಸಲ ಒಂದೇ ಊರಿಗೆ ಬಂದು ಸೇರುವರು, ಅಲ್ಲಿನ ಸ್ಥಿತಿವಂತರ ಮನೆಯಲ್ಲಿ ರಾತ್ರಿ ಉಳಿಯಿರೆಂದರೂ ವ್ಯಾಪಾರದ ಆತುರದಿಂದ ಒಡೆಯನು ಕೇಳನು. ಮೂರನೆಯ ಸಲ ಬಂಡಿ ಬಯಲಿನಲ್ಲಿ ನಿಂತೇಬಿಡುವುದು. ನಿಕಿತನು ತನ್ನನ್ನು ಈ ಲೋಕಕ್ಕೆ ಕಳುಹಿಸಿದ ದೊಡ್ಡ ಒಡೆಯನೊಬ್ಬನಿರುವನೆಂದು ನೆಚ್ಚಿ ಹಿಮದಲ್ಲಿ ಮುದುರಿ ಮಲಗುವನು. ಬ್ರೆಖುನೋವನಿಗೆ ನಿದ್ರೆ ಬಾರದು; ಅಂಗಡಿ, ಗಿರಣಿ, ಮದ್ಯದಂಗಡಿಗಳನ್ನು ಮನಸ್ಸಿನಲ್ಲಿ ಎಣಿಸುವನು; ಆಮೇಲೆ ಆಳನ್ನು ಅಲ್ಲಿಯೇ ಬಿಟ್ಟು ಕುದುರೆಯೇರಿ ಓಡುವನು. ಬಯಲಿನ ಬದುವಿನಲ್ಲಿ ಗಾಳಿಗೆ ನರಳುತ್ತಿರುವ ಒಂದು ಒಣ ಗಿಡದ ಬಳಿಗೆ ಸುತ್ತಿ ಸುತ್ತಿ ಬಂದು ನಿಂತಾಗ ಅವನಿಗೆ ಭಯ ಹುಟ್ಟುವುದು. ಹರಕೆಯೂ ಬತ್ತಿಯೂ ಇಗರ್ಜಿಯೊಳಗೆ ಎಷ್ಟು ಬೇಕಾದರೂ ಸಲ್ಲಬಹುದು, ಈ ಹಿಮಕ್ಕೂ ಅವಕ್ಕೂ ಸಂಬಂಧವಿಲ್ಲ ಎಂಬುದು ಆಗ ಹೊಳೆಯುವುದು. ಕುದುರೆಯ ಜಾಡು ಹಿಡಿದು ಮರಳಿ ಬಂಡಿಯ ಬಳಿಗೆ ಬಂದರೆ ನಿಕಿತನು ಸಾಯುವ ಸ್ಥಿತಿಯಲ್ಲಿರುವನು. ಆಗ ನಿಕಿತನು ಕೇಳುವುದು ಎರಡೇ: ತನಗೆ ಸಲ್ಲಬೇಕಾದ ಸಂಬಳವನ್ನು ಮಗನಿಗಾಗಲಿ ಹೆಂಡತಿಗಾಗಲಿ ಕೊಡಬೇಕು, ಕ್ರಿಸ್ತನ ಹೆಸರಿನಲ್ಲಿ ತನ್ನನ್ನು ಕ್ಷಮಿಸಬೇಕು. ಒಡೆಯನು ಅರೆಗಳಿಗೆ ಸುಮ್ಮನೆ ನಿಂತು, ಕೈತೋಳನ್ನು ಮೇಲಕ್ಕೆ ಸರಿಸಿ, ಆಳಿನ ಮೇಲಿನ ಹಿಮವನ್ನು ಗೋರಿ ತೆಗೆದು, ತನ್ನ ತುಪ್ಪುಳಿನ ನಿಲುವಂಗಿಯನ್ನು ಬಿಚ್ಚಿ ಹರಡಿ, ಅವನ ಮೇಲೆ ಕವಿದು ಮಲಗಿಬಿಡುವನು. ಬೆಳಗಾದ ಮೇಲೆ ಹಳ್ಳಿಯವರು ಅಗೆದು ತೆಗೆದಾಗ ಒಡೆಯನು ಸತ್ತಿರುವನು, ಕುದುರೆಯೂ ಸತ್ತಿರುವುದು, ಆಳು ಬದುಕಿರುವನು. ಊರು ಅರ್ಧ ಮೈಲಿಯಷ್ಟೂ ದೂರವಿರಲಿಲ್ಲ.

ಈ ಪರಿವರ್ತನವು ಆಕಸ್ಮಿಕವಲ್ಲವೆ, ಐವತ್ತು ಪುಟ ಲೋಭಿಯಾಗಿದ್ದವನು ಅರೆಗಳಿಗೆಯಲ್ಲಿ ತ್ಯಾಗಿಯಾಗುವುದು ಔಚಿತ್ಯಕ್ಕೆ ಭಂಗವಲ್ಲವೆ ಎಂದು ಆಕ್ಷೇಪಿಸಬಹುದು. ಸಮಾಧಾನವು ಕಥೆಯಲ್ಲಿಯೇ ಇದೆ. ಹಿಮವನ್ನು ಗೋರತೊಡಗುವ ಮುನ್ನ ಬ್ರೆಖುನೋವನಲ್ಲಿ ಕಾಣುವ ನಿಶ್ಚಯವು, ಒಳ್ಳೆಯ ವ್ಯಾಪಾರ ಕುದುರಿದಾಗ ಕೈಗೆ ಕೈ ಹೊಡೆಯುವಾಗಿನ ನಿಶ್ಚಯವೇ ಎಂದು ಗ್ರಂಥಕರ್ತನು ಹೇಳಿರುವನು. ಆಳು ಬೆಚ್ಚಗಾಗುತ್ತಿರುವನೆಂದು ತಿಳಿದಾಗ ಅವನು ಮನಸ್ಸಿನಲ್ಲಿ ಪಡುವ ಹೆಮ್ಮೆಯೂ ಕೊಂಡು ಮಾರಿದುದನ್ನು ಹೇಳಿಕೊಳ್ಳುವಾಗಿನ ಹೆಮ್ಮೆಯೇ. ಅವನು ಬೇರೊಬ್ಬನಾಗಲಿಲ್ಲ. ವರ್ತಕನ ಧೈರ್ಯ, ವರ್ತಕನ ಚುರುಕು, ಕಡೆಗೆ ವರ್ತಕನ ಜಂಬ ಕೂಡ ಹಾಗೆಯೇ ಇವೆ; ಬಂಡವಾಳವನ್ನು ಹೂಡುವ ಕಡೆ ಮಾತ್ರ ಬದಲಾಯಿತು. ಆ ರಾತ್ರಿ ಅವನ ಬಳಿ ಉಳಿದಿದ್ದ ಬಂಡವಾಳವಾದರೂ ಏನು? ಮೂರು ಸಾವಿರದ ನೋಟುಗಳು ಚಳಿ ಕಾಯಿಸಲಾರವು. ಎರಡು ನಿಲುವಂಗಿ, ಚೆನ್ನಾಗಿ ಉಂಡು ಬೆಳೆದ ಮೈ, ಆ ಮೈಯ ಕಾವು: ಇಷ್ಟು ಮಾತ್ರ ನಗದು. ಅದನ್ನೂ ಅವನು ಆಳಿನ ಅರೆಹೊಟ್ಟೆಯಿಂದ ಕೂಡಿಟ್ಟಿದ್ದನೆಂಬುದನ್ನು ವಾಚಕನು ಮರೆಯುವಂತಿಲ್ಲ. ಯಾರಿಂದ ಬಂದಿತೋ ಅವನಿಗೇ ಅದು ಮರಳಿ ಸಂದಿತು. ತಲಾಂತನ್ನು ಮಣ್ಣಿನಲ್ಲಿ ಹೂಳದೆ ವ್ಯಾಪಾರಕ್ಕೆ ಹಾಕಿದವನನ್ನು ಒಡೆಯನು ಏಕೆ ಮೆಚ್ಚಿದನೆಂಬುದಕ್ಕೆ ಇದಕ್ಕಿಂತ ಉತ್ತಮವಾದ ವ್ಯಾಖ್ಯಾನವು ಸಾಹಿತ್ಯದಲ್ಲಿ ದುರ್ಲಭ. ಕಥೆಯ ಹೆಸರಿನ ಧ್ವನಿಯೂ ಇಲ್ಲಿ ತೆರೆಯುವುದು: ಕೆಳಗಿನವನಿಗೆ ಒಡೆಯನಾಗಿದ್ದವನು ಮೇಲಿನವನಿಗೆ ಆಳೆಂಬುದನ್ನು ಕಂಡುಕೊಂಡನು. ಮನೆವಾರ್ತೆಯವನೆಂದರೆ ಈ ಎರಡೂ ಒಬ್ಬನೇ ಆಗಿರುವವನು.

ಆದರೂ ಕಥೆಯು ಒಂದು ಪ್ರಶ್ನೆಯನ್ನು ಉತ್ತರಿಸದೆ ಬಿಟ್ಟಿರುವುದು. ನಿಕಿತನು ಕೇಳಿದ ಸಂಬಳವೇನಾಯಿತು? ಇಗರ್ಜಿಯ ಎರಡು ಸಾವಿರದ ಮುನ್ನೂರು ಏನಾಯಿತು? ಲೂಕನ 19ನೆಯ ಅಧ್ಯಾಯದ ಸುಂಕದವನಾದ ಜಕ್ಕಾಯನು ಮನಸ್ಸು ತಿರುಗಿದ ದಿನವೇ ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುವೆನೆಂದನು. ಅನ್ಯಾಯವಾಗಿ ತೆಗೆದುಕೊಂಡುದಕ್ಕೆ ನಾಲ್ಕರಷ್ಟು ಹಿಂದಿರುಗಿಸುವೆನೆಂದನು. ಅವನಿಗೆ ಹಗಲಿತ್ತು. ಬ್ರೆಖುನೋವನಿಗೆ ಉಳಿದಿದ್ದುದು ರಾತ್ರಿ ಮಾತ್ರ; ಪ್ರಾಣವನ್ನು ಕೊಡಲು ಅವಕಾಶ ದೊರೆಯಿತು, ಇಪ್ಪತ್ತು ರೂಬಲನ್ನು ಕೊಡಲು ದೊರೆಯಲಿಲ್ಲ. ಇದನ್ನು ಕೆಲವರು ಕಥೆಯ ನ್ಯೂನತೆಯೆನ್ನಬಹುದು. ಆದರೆ ಇದೇ ಅದರ ಅತ್ಯಂತ ಕಠಿಣವಾದ ಉಪದೇಶ. ಹೃದಯವನ್ನು ಒಂದೇ ಗಳಿಗೆಯಲ್ಲಿ ಒಪ್ಪಿಸಬಹುದು. ಲೆಕ್ಕವನ್ನು ಒಪ್ಪಿಸಲು ಹಗಲು ಬೇಕು. ಮನೆಯ ಆಳಿನ ಬಾಕಿಯನ್ನು ನಾಳೆಗೆಂದು ನೂಕುತ್ತ ಪರಲೋಕದ ಮಾತನಾಡುವವರೆಲ್ಲರಿಗೂ, ಅವರು ಯಾವ ಮತದವರೇ ಆಗಿರಲಿ, ಇದು ಸಲ್ಲುವ ಮಾತು.

ಈ ಕಾಠಿಣ್ಯವು ಗ್ರಂಥಕರ್ತನ ಬಾಳಿನಲ್ಲಿಯೂ ಇತ್ತು. 1881ರ ಈಚೆಗೆ ತಾನು ಬರೆದ ಗ್ರಂಥಗಳ ಹಕ್ಕನ್ನು ಟಾಲ್‌ಸ್ಟಾಯ್ ಮಹಾಶಯನು 1891ರಲ್ಲಿ ಬಹಿರಂಗವಾಗಿ ಬಿಟ್ಟುಕೊಟ್ಟನು. 1892ರಲ್ಲಿ ಆಸ್ತಿಯನ್ನು ಹೆಂಡತಿಮಕ್ಕಳಿಗೆ ಹಂಚಿ ಕೈತೊಳೆದುಕೊಂಡನು. ಆದರೆ ಬಿಟ್ಟ ಮೇಲೆಯೂ ಅದೇ ಮನೆಯಲ್ಲಿ, ಅದೇ ಊಟದ ಮೇಜಿನ ಮುಂದೆ, ಕ್ಲೇಶದಿಂದ ಬಾಳಬೇಕಾಯಿತು. 1910ರಲ್ಲಿ ಎಂಬತ್ತೆರಡನೆಯ ವಯಸ್ಸಿನಲ್ಲಿ ರಾತ್ರೋರಾತ್ರಿ ಮನೆ ಬಿಟ್ಟು, ಅಸ್ತಾಪೋವೊ ಎಂಬ ರೈಲ್ವೆ ನಿಲ್ದಾಣದಲ್ಲಿ ತೀರಿಕೊಂಡನು. ಧನವನ್ನು ಬಿಸುಟುದರಿಂದ ಅವನಿಗೆ ಶಾಂತಿ ದೊರೆಯಲಿಲ್ಲ. ಧನವನ್ನು ಮನೆವಾರ್ತೆಯವನಂತೆ ಬಳಸಿದಾಗಲಾದರೋ ಫಲವು ಕಣ್ಣಿಗೆ ಕಾಣುವಂತಾಯಿತು: 1891ರಿಂದ 1893ರವರೆಗಿನ ಕ್ಷಾಮದಲ್ಲಿ ರ್ಯಾಜಾನ್ ಪ್ರಾಂತದಲ್ಲಿ ಅವನು ಅನ್ನಶಾಲೆಗಳನ್ನು ನಡೆಸಿದನು, 1899ರಲ್ಲಿ ಪ್ರಕಟವಾದ ‘ಪುನರುತ್ಥಾನ’ ಕಾದಂಬರಿಯಿಂದ ಬಂದ ಹಣವನ್ನು, ಕೆನಡಾದೇಶಕ್ಕೆ ವಲಸೆಹೋದ ದುಖೊಬೊರ್ ಪಂಗಡದವರಿಗೆ ಕೊಟ್ಟನು. ಬಿಟ್ಟುಬಿಡುವುದಕ್ಕಿಂತ ಸಲ್ಲಬೇಕಾದವರಿಗೆ ಸಲ್ಲಿಸುವುದೇ ಮೇಲೆಂಬುದನ್ನು ಅವನ ಕಥೆಯು ಅವನ ತತ್ತ್ವಗ್ರಂಥಗಳಿಗಿಂತ ಚೆನ್ನಾಗಿ ಅರಿತಿತ್ತು.

ಕಥೆಯು ಬ್ರೆಖುನೋವನೊಡನೆ ಮುಗಿಯುವುದಿಲ್ಲ. ನಿಕಿತನು ಕಾಲಿನ ಮೂರು ಬೆರಳುಗಳನ್ನು ಕಳೆದುಕೊಂಡು ಇನ್ನೂ ಇಪ್ಪತ್ತು ವರ್ಷ ಬಾಳಿ, ಹೆಂಡತಿಯ ಕ್ಷಮೆಯನ್ನು ಬೇಡಿ, ಅವಳ ತಪ್ಪನ್ನು ತಾನೂ ಕ್ಷಮಿಸಿ, ಮಗನಿಗೂ ಸೊಸೆಗೂ ತನ್ನ ಅನ್ನದ ಭಾರ ಇಳಿಯಿತೆಂದು ಸಂತೋಷಪಡುತ್ತ, ಮನೆಯಲ್ಲಿ ಪಟಗಳ ಕೆಳಗೆ ಪ್ರಾಣಬಿಡುವನು. ಅವನ ಕೈಯಲ್ಲಿ ಉರಿಯುವ ಮೇಣದ ಬತ್ತಿಯೊಂದಿರುವುದು. ಒಡೆಯನು ಮಾರಿ ಮರಳಿ ಪೆಟ್ಟಿಗೆಗೆ ಸೇರಿಸುತ್ತಿದ್ದ ಬತ್ತಿಗಳನ್ನು ನೆನಪಿನಲ್ಲಿಟ್ಟುಕೊಂಡ ವಾಚಕನಿಗೆ, ಈ ಬತ್ತಿಯು ಯಾರ ಪೆಟ್ಟಿಗೆಗೂ ಮರಳದೆ ಉರಿಯುತ್ತಿರುವುದನ್ನು ಕಂಡು ಸಮಾಧಾನವುಂಟಾಗುವುದು.